ಆನೆ ಕಾರ್ಡಿನ ಕೊನೆಯ ಸೊನ್ನೆ

ತಪ್ಪು ಹುಡುಕುವುದು ನನ್ನ ಹೊಟ್ಟೆಪಾಡು. ನಂಜನಗೂಡಿನ ಪಕ್ಕದ ತಾಂಡ್ಯದ ಕೈಗಾರಿಕಾ ಪ್ರದೇಶದಲ್ಲಿ ಮಾತ್ರೆಯ ಡಬ್ಬಿಗಳನ್ನು ಅಚ್ಚು ಹಾಕುವ ಒಂದು ಸಣ್ಣ ಕಾರ್ಖಾನೆ ಇದೆ. ಅಲ್ಲಿ ಟ್ಯೂಬ್‌ಲೈಟಿನ ಕೆಳಗೆ ಕೂತು, ಮೆಷಿನ್ನಿನಿಂದ ಬಂದ ಹಾಳೆಯನ್ನು ಒಪ್ಪಿಗೆಯಾದ ಹಾಳೆಯ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರವಾಗಿ, ಅಂಕಿ ಅಂಕಿಯಾಗಿ ಹೋಲಿಸುವುದು ನನ್ನ ಕೆಲಸ. ಏನಾದರೂ ಜಾರಿದ್ದರೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕುತ್ತೇನೆ. ಸುತ್ತು ಬಿದ್ದ ಹಾಳೆಗಳು ಸಂಜೆಯೊಳಗೆ ಕತ್ತರಿಸುವ ಮೆಷಿನ್ನಿಗೆ ಹೋಗಿ, ಶಾವಿಗೆಯಂತೆ ಎಳೆ ಎಳೆಯಾಗಿ ಹೊರಗೆ ಬರುತ್ತವೆ.

ಈ ಚಾಳಿ ನನ್ನ ಹಿಂದೆಯೇ ಮನೆಗೂ ಬಂದಿದೆ. ಮದುವೆ ಪತ್ರಿಕೆ ಕೊಡಲು ಬಂದವರು ನಾನು ಲಕೋಟೆ ಬಿಚ್ಚುವುದನ್ನು ಉಸಿರು ಬಿಗಿಹಿಡಿದು ನೋಡುತ್ತಾರೆ. ಒಮ್ಮೆ ನಂಟರೊಬ್ಬರ ಪತ್ರಿಕೆಯಲ್ಲಿ ಭಾನುವಾರ ಎಂದು ಹಾಕಿದ್ದ ತಾರೀಖು ಕ್ಯಾಲೆಂಡರಿನಲ್ಲಿ ಸೋಮವಾರವಾಗಿತ್ತು. ನಾನು ಕಾಫಿ ಕೊಡುವ ಮೊದಲೇ ಅದನ್ನು ಹೇಳಿಬಿಟ್ಟೆ. ಅವರು ಕಾಫಿ ಕುಡಿಯದೆ ಎದ್ದು ಹೋದರು. ಅಂದಿನಿಂದ ಆ ಮನೆಯವರು ಊರಿಗೆಲ್ಲ ಹಂಚಿ ಮುಗಿದ ಮೇಲೆಯೇ ನಮಗೆ ಪತ್ರಿಕೆ ಕೊಡುವುದು. ನನ್ನ ಗಂಡನಂತೂ ಬೋಂಡ ಕಟ್ಟಿಸಿಕೊಂಡು ಬಂದರೆ ಸುತ್ತಿದ ಕಾಗದವನ್ನು ಬಾಗಿಲಲ್ಲೇ ಎಸೆದು ಒಳಗೆ ಬರುತ್ತಾರೆ.

ಮೊನ್ನೆ ಒಂದು ಹಾಳೆ ಬಂತು. ಹತ್ತು ಮಾತ್ರೆ ಎಂದಿರಬೇಕಾದ ಕಡೆ ನೂರು ಎಂದಿತ್ತು. ಒಂದು ಸೊನ್ನೆ ಹೆಚ್ಚಿಗೆ ಬಂದು ಕೂತಿತ್ತು. ಇಂಥವನ್ನು ಎಷ್ಟು ಕಂಡಿಲ್ಲ ನಾನು? ಆದರೂ ಪೆನ್ನು ಎತ್ತಲು ಕೈ ಬರಲಿಲ್ಲ. ಆ ಸೊನ್ನೆಯನ್ನೇ ನೋಡುತ್ತಾ ಕೂತೆ. ಪಕ್ಕದ ಮೇಜಿನ ಹುಡುಗಿ, "ಯಾಕಕ್ಕಾ, ತಲೆ ಸುತ್ತು ಬಂತಾ?" ಎಂದು ನೀರಿನ ಬಾಟಲಿ ಚಾಚಿದಳು. ಏನು ಹೇಳಲಿ ಅವಳಿಗೆ? ಇಂಥದೇ ಒಂದು ಸೊನ್ನೆ ನನ್ನ ಅಣ್ಣ ಇನ್ನೂ ತನ್ನ ಮೈಯೊಳಗೆ ಇದ್ದಾನೋ ಇಲ್ಲವೋ ಎಂಬುದನ್ನು ನಮಗೆ ತಿಳಿಸಿಕೊಟ್ಟಿತು ಎಂದು ಹೇಳಿದ್ದರೆ ಅವಳು ನಿಜಕ್ಕೂ ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದಳು. ನಿಮಗೆ ಹೇಳಬಹುದು, ನಿಮಗೆ ಸಮಯವಿದೆ.

ನಾವು ಚಿಕ್ಕವರಾಗಿದ್ದಾಗ ನಂಜನಗೂಡಿನ ಪೆಟ್ಟಿ ಅಂಗಡಿಗಳಲ್ಲಿ ಒಂದು ಗುಲಾಬಿ ಬಣ್ಣದ ಬಬಲ್‌ಗಮ್ ಸಿಗುತ್ತಿತ್ತು. ಅದರ ಜೊತೆ ಒಂದು ಕ್ರಿಕೆಟ್ ಕಾರ್ಡು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಒಂದು ಮುಖದಲ್ಲಿ ಆಟಗಾರನ ಫೋಟೋ, ಅದರ ಕೆಳಗೆ ಅವನ ಪಂದ್ಯ, ರನ್ನು, ಒಂದೇ ಆಟದ ಅತಿ ಹೆಚ್ಚು ರನ್ನು, ವಿಕೆಟ್ಟು, ಕ್ಯಾಚು. ಇನ್ನೊಂದು ಮುಖದಲ್ಲಿ ಎಲ್ಲ ಕಾರ್ಡಿಗೂ ಒಂದೇ ನಮೂನೆಯ ಹಸಿರು ಚೌಕಳಿ. ಗಮ್ಮು ಎರಡು ಸಲ ಅಗಿಯುವಷ್ಟರಲ್ಲಿ ಸಪ್ಪೆಯಾಗುತ್ತಿತ್ತು, ಮೂರನೆಯ ಸಲಕ್ಕೆ ಸೈಕಲ್ ಟ್ಯೂಬಿನ ರುಚಿ ಬರುತ್ತಿತ್ತು. ನಮಗೆ ಬೇಕಾಗಿದ್ದದ್ದು ಕಾರ್ಡು. ಇಬ್ಬರು ಆಡುವ ಆಟ ಅದು. ಕಟ್ಟನ್ನು ಹಂಚಿಕೊಂಡು, ಮೇಲಿನ ಕಾರ್ಡನ್ನು ಎತ್ತಿ, ಸರದಿ ಬಂದವನು "ರನ್" ಎಂದೋ "ಕ್ಯಾಚ್" ಎಂದೋ ಕೇಳಬೇಕು. ಯಾರ ಕಾರ್ಡಿನಲ್ಲಿ ಅಂಕಿ ದೊಡ್ಡದೋ ಅವನಿಗೆ ಎರಡೂ ಕಾರ್ಡು. ಅಷ್ಟೇ. ಅಷ್ಟಕ್ಕೇ ನಮ್ಮ ಬೀದಿಯಲ್ಲಿ ಅಂಗಿ ಹರಿದದ್ದುಂಟು, ಮೂಗಿನಲ್ಲಿ ರಕ್ತ ಬಂದದ್ದುಂಟು.

ನಾನು ಆಡುತ್ತಿರಲಿಲ್ಲ, ಅಂಪೈರ್ ಆಗಿದ್ದೆ. ಹೆಣ್ಣುಮಗು ಎಂದು ಆಟಕ್ಕೆ ಸೇರಿಸದೆ, ಬಿಟ್ಟರೆ ಅವ್ವನಿಗೆ ದೂರು ಹೇಳುತ್ತೇನೆಂದು ಹೆದರಿ ಕೊಟ್ಟ ಹುದ್ದೆ ಅದು. ಕಾರ್ಡೆಲ್ಲ ನನ್ನ ಅಣ್ಣ ಸಿದ್ದರಾಜುವಿನದು. ಬಿಸ್ಕತ್ತಿನ ಡಬ್ಬದಲ್ಲಿ ಇಟ್ಟು, ಡಬ್ಬವನ್ನು ಅಕ್ಕಿ ಮೂಟೆಯ ಹಿಂದೆ ಇಡುತ್ತಿದ್ದ. ಇಲಿ ಕಾಟಕ್ಕೆ ಹೆದರಿ ಅಪ್ಪ ಮೂಟೆ ಎಳೆದಾಗಲೆಲ್ಲ ಅಣ್ಣನ ಮುಖ ಬಿಳಿಚಿಕೊಳ್ಳುತ್ತಿತ್ತು.

ಆ ಕಾರ್ಡುಗಳಲ್ಲಿ ತಪ್ಪುಗಳಿಗೆ ಬರವಿರಲಿಲ್ಲ. ಒಬ್ಬ ಬ್ಯಾಟ್ಸ್‌ಮನ್ ಒಂದೇ ಆಟದಲ್ಲಿ ಹೊಡೆದ ರನ್ನು ಅವನು ಜೀವಮಾನವಿಡೀ ಹೊಡೆದ ರನ್ನಿಗಿಂತ ಜಾಸ್ತಿ ಇತ್ತು. ಒಬ್ಬ ವಿಕೆಟ್ ಕೀಪರ್ ಒಂದೂ ಕ್ಯಾಚ್ ಹಿಡಿಯದೆ ರಾಶಿ ರಾಶಿ ವಿಕೆಟ್ ತೆಗೆದಿದ್ದ. ಪಾಪ, ಎರಡು ಸಾಲು ಅದಲುಬದಲಾಗಿತ್ತು. ಇನ್ನೊಬ್ಬನ ಫೋಟೋವನ್ನೇ ಮಗುಚಿ ಹಾಕಿ ಬಲಗೈ ಆಟಗಾರನನ್ನು ಎಡಚನನ್ನಾಗಿ ಮಾಡಿದ್ದರು. ಅದನ್ನು ಕಂಡುಹಿಡಿದದ್ದು ಅಣ್ಣ. ಆಟಗಾರನ ಅಂಗಿಯ ಗುಂಡಿಪಟ್ಟಿ ಉಲ್ಟಾ ಇದೆ ಎಂದು ಅವನಿಗೆ ಅನುಮಾನ ಬಂತು. ಬೀದಿ ಕೊನೆಯ ಟೈಲರ ಹತ್ತಿರ ಕಾರ್ಡು ಒಯ್ದು ತೋರಿಸಿದ. ಅವರು ಕನ್ನಡಕ ಏರಿಸಿ, ಹಿಂದೆ ಮುಂದೆ ತಿರುಗಿಸಿ ನೋಡಿ, "ಇಂಗ್ ಒಲ್ದೋನ ಕತ್ರಿ ಕಿತ್ಗಬೇಕು ಕಣ್ಲಾ" ಎಂದು ಗಂಭೀರವಾಗಿ ತೀರ್ಪು ಕೊಟ್ಟರು. ಫೋಟೋ ಮಗುಚಿದೆ ಎಂದು ಅವರಿಗೆ ತಿಳಿಸಲು ಅಣ್ಣ ಪಟ್ಟ ಪಾಡು ಹೇಳತೀರದು.

ಆದರೆ ಎಲ್ಲಕ್ಕಿಂತ ದೊಡ್ಡ ತಪ್ಪು ಇದ್ದದ್ದು ಒಬ್ಬ ಫಾಸ್ಟ್ ಬೌಲರನ ಕಾರ್ಡಿನಲ್ಲಿ. ಅವನ ಹೆಸರು ಬೇಡ. ದೂರದ ದ್ವೀಪದವನು, ಇನ್ನೂ ಬದುಕಿರಬಹುದು, ನಮ್ಮ ಬೀದಿ ಜಗಳ ಅವನ ಕಿವಿಗೆ ಬೀಳುವುದು ಬೇಡ. ಬ್ಯಾಟನ್ನು ಒನಕೆಯ ಹಾಗೆ ಹಿಡಿಯುತ್ತಿದ್ದ ಆಸಾಮಿ, ಕೊನೆಯಲ್ಲಿ ಬಂದು ಮೊದಲೇ ಹೋಗುವವನು. ಅವನ ರನ್ನಿನ ಕೊನೆಗೆ ಒಂದು ಸೊನ್ನೆ ಹೆಚ್ಚಾಗಿ ಬಿದ್ದಿತ್ತು. ನೂರರ ಲೆಕ್ಕದಲ್ಲಿ ಇರಬೇಕಾದವನು ಸಾವಿರದ ಲೆಕ್ಕಕ್ಕೆ ಹಾರಿ, ಪ್ರಪಂಚದ ದೊಡ್ಡ ದೊಡ್ಡ ಬ್ಯಾಟ್ಸ್‌ಮನ್‌ಗಳನ್ನೆಲ್ಲ ಹಿಂದೆ ಹಾಕಿದ್ದ. ಆ ಕಾರ್ಡಿಗೆ ನಾವು ಆನೆ ಎಂದು ಹೆಸರಿಟ್ಟೆವು. ಆನೆ ಬಂದು "ರನ್" ಎಂದರೆ ಎದುರಿಗೆ ಯಾರೇ ಇರಲಿ, ಕಾರ್ಡು ಬಿಟ್ಟುಕೊಡಲೇಬೇಕು.

ಅದು ನಮ್ಮ ಬೀದಿಯ ಕಾನೂನು. "ಪ್ರಿಂಟಾಗಿರದೇ ಲೆಕ್ಕ." ತಪ್ಪು ಎಂದು ಎಲ್ಲರಿಗೂ ಗೊತ್ತು, ಹೇಳಿಕೊಂಡು ನಗುತ್ತೇವೆ, ಆದರೆ ಆಟದಲ್ಲಿ ಕಾರ್ಡು ಏನು ಹೇಳುತ್ತದೋ ಅದೇ ಸತ್ಯ. ಈ ಕಾನೂನು ಮಾಡಿದ್ದೂ ಅಣ್ಣನೇ. ಆನೆ ತನ್ನ ಕೈಗೆ ಬಂದ ಮೇಲೆ ಮಾಡಿದನೋ ಅದಕ್ಕೆ ಮೊದಲೋ ಎಂದು ಕೇಳಬೇಡಿ, ಅಂಪೈರಿಗೆ ಅದು ಮರೆತಿದೆ.

ತಿರುಮಕೂಡಲು ನರಸೀಪುರದಲ್ಲಿ ಬೇರೆ ಕಾನೂನು. ಅಲ್ಲಿ ನಮ್ಮ ಸೋದರಮಾವನ ಸೈಕಲ್ ಶಾಪು. ಅವರ ಮಗ ಮಾದೇಶ ಅಣ್ಣನ ವಾರಿಗೆಯವನು, ನನಗೆ ಬಾವ. ನಂಟಸ್ತಿಕೆಯ ಲೆಕ್ಕದಲ್ಲಿ ನನ್ನನ್ನು ಕಟ್ಟಿಕೊಳ್ಳಬಹುದಾಗಿದ್ದವನು. ನನ್ನ ಅಂಪೈರಿಂಗ್ ನೋಡಿ ಹೆದರಿ ಹೆಮ್ಮಿಗೆಯ ಹೆಣ್ಣು ತಂದ. ಕಪಿಲೆಯ ನೀರು ನಮ್ಮ ಊರು ದಾಟಿ ಅವರ ಊರಿಗೆ ಹೋಗಿ ಕಾವೇರಿ ಸೇರುವ ಹಾಗೆ, ಬೇಸಿಗೆ ರಜೆ ಬಂದರೆ ನಾವಿಬ್ಬರೂ ಬಸ್ಸು ಹತ್ತಿ ಅಲ್ಲಿಗೆ ಹೋಗಿ ಸೇರುತ್ತಿದ್ದೆವು. ಸೈಕಲ್ ಶಾಪಿನ ಜಗುಲಿ ಮಾದೇಶ ಬಾವನ ಆಸ್ಥಾನ. ಅಲ್ಲಿ ತಪ್ಪು ಕಾರ್ಡಿಗೆ ಬೆಲೆಯಿಲ್ಲ. ಪೇಪರಿನಲ್ಲಿ, ರೇಡಿಯೋದಲ್ಲಿ ಕೇಳಿ ನಿಜವಾದ ಅಂಕಿ ತಿಳಿದುಕೊಂಡಿರಬೇಕು, ಅದನ್ನೇ ಹೇಳಬೇಕು. "ಒಡ್ದಿರದೇ ಲೆಕ್ಕ" ಎಂಬುದು ಅವರ ಮಾತು. ಆಟಗಾರ ಮೈದಾನದಲ್ಲಿ ಹೊಡೆದದ್ದು ಲೆಕ್ಕ, ಯಾರೋ ಅಚ್ಚುಮನೆಯಲ್ಲಿ ತೂಕಡಿಸಿದ್ದಲ್ಲ.

ಒಂದು ರಜೆಯಲ್ಲಿ ಅಣ್ಣ ಆನೆಯನ್ನು ಚಡ್ಡಿ ಜೇಬಿನಲ್ಲಿಟ್ಟುಕೊಂಡು ನರಸೀಪುರವನ್ನು ಗೆಲ್ಲಲು ಹೊರಟ. ಜಗುಲಿಯಲ್ಲಿ ಆಟ ಬಿತ್ತು. ಆನೆ ಇಳಿಯಿತು. ಅಣ್ಣ ಎದೆಯುಬ್ಬಿಸಿ, "ರನ್" ಎಂದು ಕಾರ್ಡಿನಲ್ಲಿದ್ದುದನ್ನು ಓದಿದ.

"ಸರ್ಯಾದ್ ರನ್ ಯೋಳ್ಲಾ" ಎಂದ ಮಾದೇಶ ಬಾವ.

"ಕಾರ್ಡಲ್ಲಿ ಏನದೆ ಅದ್ನೇ ಯೋಳಿವ್ನಿ."

"ಕಾರ್ಡ್ ಮಾಡ್ದೋನು ನಿದ್ದೆಗಣ್ಣಲ್ಲಿ ಒಂದ್ ಸೊನ್ನೆ ಜಾಸ್ತಿ ಒತ್ಬುಟ್ರೆ ಇವ್ನು ಅಷ್ಟು ರನ್ ಒಡ್ದಂಗಾಯ್ತದಾ?"

"ನೀನ್ ಓಗಿ ನೋಡ್ಕಬಂದಿದ್ದೀಯಾ ಅವ್ನು ಎಷ್ಟ್ ಒಡ್ದ ಅಂತ? ಪ್ರಿಂಟಾಗಿರದೇ ಲೆಕ್ಕ."

ಇಬ್ಬರೂ ಅಂಪೈರಿನ ಕಡೆ ನೋಡಿದರು. ನಾನು ಅಷ್ಟು ಹೊತ್ತಿಗೆ ಅತ್ತೆ ಕೊಟ್ಟ ಹಲಸಿನ ತೊಳೆ ತಿನ್ನುತ್ತಿದ್ದೆ, ಎರಡೂ ಕಣ್ಣು ತೊಳೆಯ ಮೇಲಿತ್ತು. ಕೈಗೆ ಕೈ ಹತ್ತಿತು, ಕಾರ್ಡು ಜಗುಲಿ ತುಂಬ ಚೆಲ್ಲಾಡಿತು. ಮಾವ ಸೈಕಲ್ ಚೈನು ಬಿಟ್ಟು ಎದ್ದು ಬಂದು ಇಬ್ಬರಿಗೂ ಒಂದೊಂದು ಕೊಟ್ಟು, ಗ್ರೀಸಿನ ಕೈಯಲ್ಲೇ ಕಾರ್ಡುಗಳನ್ನು ಬಳಿದು ಡಬ್ಬಕ್ಕೆ ತುಂಬಿದರು. ಆನೆಯ ಬೆನ್ನಿನ ಮೂಲೆಯಲ್ಲಿ ಅವರ ಬೆರಳಿನ ಕಪ್ಪು ಗುರುತು ಉಳಿಯಿತು. ಆ ಆಟ ತೀರ್ಮಾನವಾಗಲೇ ಇಲ್ಲ. ಇಬ್ಬರೂ ಆಮೇಲೂ ಒಂದೇ ತಟ್ಟೆಯಲ್ಲಿ ಉಂಡರು, ಒಬ್ಬರ ಮದುವೆಯಲ್ಲಿ ಒಬ್ಬರು ಓಡಾಡಿದರು, ಮಾವನನ್ನು ಮಣ್ಣು ಮಾಡುವಾಗ ಅಣ್ಣ ಮಾದೇಶ ಬಾವನ ಭುಜ ಬಿಡಲಿಲ್ಲ. ಕಾರ್ಡು ಮಾತ್ರ ಮತ್ತೆ ಆಡಲಿಲ್ಲ. ಎಲ್ಲಿ ಸಿಕ್ಕರೂ ಮಾದೇಶ ಬಾವ, "ಏನ್ಲಾ, ಆನೆ ಎಂಗದೆ?" ಎನ್ನುವುದು. ಅಣ್ಣ, "ಪ್ರಿಂಟಾಗಿರದೇ ಲೆಕ್ಕ ಕಣ್ಲಾ" ಎನ್ನುವುದು. ಅದೇ ಅವರ ನಮಸ್ಕಾರ.

ಅಣ್ಣ ಆ ಮಾತನ್ನು ಇನ್ನೊಂದು ಸಲ ಹೇಳಿದ್ದಾನೆ. ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ.

ಅವನು ಒಳ್ಳೆಯ ಬೌಲರ್ ಆಗಿದ್ದ. ಕಪಿಲೆಯ ಮರಳಿನ ಮೇಲೆ ಟೆನ್ನಿಸ್ ಚೆಂಡನ್ನು ಬುಗುರಿಯ ಹಾಗೆ ತಿರುಗಿಸುತ್ತಿದ್ದ. ಅವನ ತೋಳು ಉದ್ದ. ಚಿಕ್ಕಂದಿನಿಂದಲೂ ಉದ್ದವೇ. ಆಗ ಶಾಲೆಗೆ ಸೇರಿಸುವಾಗ ಜನನ ಪತ್ರ ಯಾರ ಹತ್ತಿರವೂ ಇರುತ್ತಿರಲಿಲ್ಲ, ಮೇಷ್ಟ್ರು ಮಗುವಿನ ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುತ್ತಿದ್ದರು. ಮುಟ್ಟಿದರೆ ವಯಸ್ಸಾಯಿತು ಎಂದು ಅರ್ಥ. ಅಣ್ಣ ಎಳೆಯದರಲ್ಲೇ ಕಿವಿಯನ್ನು ಮುಟ್ಟುವುದಿರಲಿ, ಹಿಡಿದು ಎಳೆದು ತೋರಿಸಿದನಂತೆ. ಮೇಷ್ಟ್ರು ಮೆಚ್ಚಿಕೊಂಡು ಒಂದು ವರ್ಷ ಜಾಸ್ತಿಯೇ ಬರೆದುಕೊಂಡರು. ಹೊಳೆಯ ನೀರು ನಮ್ಮ ಬೀದಿಗೆ ನುಗ್ಗಿದ ವರ್ಷ ಅವನು ಹುಟ್ಟಿದ್ದು ಎಂದು ಅವ್ವ ಹೇಳಿದ್ದನ್ನು ಯಾರು ಕೇಳಬೇಕು?

ಹೈಸ್ಕೂಲಿನಲ್ಲಿದ್ದಾಗ ಮೈಸೂರಿನಲ್ಲಿ ಹುಡುಗರ ತಂಡಕ್ಕೆ ಆಯ್ಕೆ ನಡೆಯಿತು. ಅಣ್ಣ ಹೋದ, ಬೌಲ್ ಮಾಡಿದ, ನೋಡಿದವರು ಇನ್ನೊಂದು ಓವರ್ ಹಾಕು ಎಂದರು. ಆಮೇಲೆ ಶಾಲೆಯ ಸರ್ಟಿಫಿಕೇಟು ತೆಗೆದು ನೋಡಿ, ನಿನಗೆ ವಯಸ್ಸು ಮೀರಿದೆ ಎಂದು ವಾಪಸು ಕಳಿಸಿದರು. ಬೌಲ್ ಮಾಡಲು ನೆರವಾದ ಆ ಉದ್ದ ತೋಳೇ ಅವನನ್ನು ತಂಡದಿಂದ ಹೊರಗೂ ತಳ್ಳಿತು. ಅಪ್ಪ ಕೂಲಿ ಬಿಟ್ಟು, ಬಿಳಿ ಅಂಗಿ ಹಾಕಿಕೊಂಡು ನಿಂತರು. "ನಡಿ, ಇಸ್ಕೂಲ್ಗೆ ಓಗಿ ತಿದ್ದುಸ್ಕಬರನ" ಎಂದರು. ಅಣ್ಣ ಕಾಲು ತೊಳೆದುಕೊಳ್ಳುತ್ತಾ, "ಬುಡಪ್ಪ. ಪ್ರಿಂಟಾಗಿರದೇ ಲೆಕ್ಕ" ಎಂದ. ನಕ್ಕೂ ನಕ್ಕ. ಅಪ್ಪ ಬಿಳಿ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದರು. ಆಮೇಲೆ ಅವನು ಚೆಂಡು ಹಿಡಿದದ್ದನ್ನು ನಾನು ಹೆಚ್ಚು ಕಾಣಲಿಲ್ಲ. ತಾಂಡ್ಯದಲ್ಲಿ ಒಂದು ಫ್ಯಾಕ್ಟರಿ ಸೇರಿದ, ರತ್ನಾ ಅತ್ತಿಗೆ ಬಂದಳು, ಸಂಸಾರವಾಯಿತು.

ಕಾರ್ಡಿನ ಹುಚ್ಚು ಮಾತ್ರ ಹೋಗಲಿಲ್ಲ. ಈಗ ಫೋನು ಬಂದ ಮೇಲೆ ಆ ಹುಚ್ಚಿಗೆ ಊರೂರಿನ ನೆಂಟರು ಸಿಕ್ಕಿದ್ದಾರೆ. ಹಳೆಯ ಕಾರ್ಡು ಕೂಡಿಡುವವರದೇ ಒಂದು ಗುಂಪು. ಯಾರೋ ಒಂದು ಕಾರ್ಡಿನ ಫೋಟೋ ಹಾಕಿ "ಏನು ತಪ್ಪಿದೆ, ಹೇಳಿ" ಎನ್ನುತ್ತಾರೆ. ತಲೆ ನೆರೆತವರು, ಮೊಮ್ಮಕ್ಕಳನ್ನು ಕಂಡವರು ತಿಂಡಿ ಬಿಟ್ಟು ಹುಡುಕಲು ಕೂರುತ್ತಾರೆ. ಒಬ್ಬನ ಕ್ಯಾಚು ಇನ್ನೊಬ್ಬನಿಗೆ ಹೋಗಿರುತ್ತದೆ, ತಮ್ಮನ ಮುಖದ ಕೆಳಗೆ ಅಣ್ಣನ ರನ್ನು ಬಿದ್ದಿರುತ್ತದೆ. ಸರಿಯಾದ ಕಾರ್ಡನ್ನು ಯಾರೂ ಕೇಳುವುದಿಲ್ಲ, ತಪ್ಪಿರುವುದಕ್ಕೇ ಮುಗಿಬೀಳುತ್ತಾರೆ. ನನ್ನ ಕಾರ್ಖಾನೆಯಲ್ಲಿ ಶಾವಿಗೆಯಾಗುವ ವಸ್ತು ಇಲ್ಲಿ ದೇವರ ಮನೆಯಲ್ಲಿ ಇಡುವ ವಸ್ತು. ಆನೆಯನ್ನು ಕೇಳದವರಿಲ್ಲ. ಅಣ್ಣ ಎಲ್ಲರಿಗೂ ಇಲ್ಲ ಎಂದ. ಆ ಗುಂಪಿಗೆ ಅಣ್ಣನನ್ನು ಸೇರಿಸಿದ್ದು ಮಾದೇಶ ಬಾವನೇ. "ತಪ್ಪಿರದ್ನೇ ಎತ್ತಿ ಮುದ್ದಾಡ್ತವೆ, ತಿಕ್ಲು ನನ್ಮಕ್ಳು" ಎಂದು ಬೈಯುತ್ತಲೇ ಅದರಲ್ಲಿ ಎಲ್ಲರಿಗಿಂತ ಮೊದಲು ತಪ್ಪು ಹೇಳುವವನೂ ಅವನೇ.

ಹೋದ ಚಳಿಗಾಲದಲ್ಲಿ ಅಣ್ಣ ಫ್ಯಾಕ್ಟರಿ ಗೇಟಿನ ಹತ್ತಿರ ಕುಸಿದು ಬಿದ್ದ. ಸ್ಟ್ರೋಕ್. ಮೈಸೂರಿನ ಆಸ್ಪತ್ರೆಗೆ ಸೇರಿಸಿದೆವು. ಜೀವ ಉಳಿಯಿತು, ಬಲಗೈ ಬಿದ್ದುಹೋಯಿತು, ಮಾತು ಹೋಯಿತು. ಪೂರ್ತಿ ಹೋಗಿದ್ದರೆ ಹೇಗೋ ಏನೋ, ಒಂದೇ ಒಂದು ಮಾತು ಉಳಿಯಿತು. "ಬಸ್ಸು." ನೀರು ಬೇಕಾದರೆ ಬಸ್ಸು. ಫ್ಯಾನ್ ಹಾಕಬೇಕಾದರೆ ಬಸ್ಸು. ಅತ್ತಿಗೆಯ ಮುಖ ನೋಡಿಯೂ ಬಸ್ಸು. ಹೇಳಿದ ಮೇಲೆ ತನಗೇ ಬೇರೇನೋ ಬಂತೆಂಬ ಹಾಗೆ ಹುಬ್ಬು ಗಂಟು ಹಾಕುತ್ತಾನೆ, ಅಥವಾ ನಮಗೆ ಹಾಗೆ ಕಾಣುತ್ತದೆ. ಡಾಕ್ಟರು ತಲೆಯ ಸ್ಕ್ಯಾನ್ ಫಿಲಂ ಬೆಳಕಿಗೆ ಹಿಡಿದು, ಮಾತು ಹುಟ್ಟುವ ಜಾಗಕ್ಕೆ ಪೆಟ್ಟಾಗಿದೆ ಎಂದರು. ನಾವು ಆಡುವುದು ಅವನಿಗೆ ಎಷ್ಟು ತಿಳಿಯುತ್ತದೆ ಎಂದು ಕೇಳಿದರೆ, ಈಗಲೇ ಹೇಳಲಾಗುವುದಿಲ್ಲ, ಕಾದು ನೋಡಿ ಎಂದರು.

ಕಾದು ನೋಡುವುದು ಸುಲಭವಲ್ಲ. ನೋಡಲು ಬಂದವರು ಅವನ ಮಂಚದ ಪಕ್ಕದಲ್ಲೇ ಕೂತು ಅವನ ವಿಷಯವನ್ನು ಅವನಿಲ್ಲದ ಹಾಗೆ ಮಾತಾಡುತ್ತಾರೆ. "ಪಾಪ, ಏನೂ ಗೊತ್ತಾಗಕಿಲ್ಲ ಅನ್ಸುತ್ತೆ" ಎಂದು ಅವನ ಮುಖದ ಮುಂದೆಯೇ ನಿಟ್ಟುಸಿರು ಬಿಡುತ್ತಾರೆ. ಅತ್ತಿಗೆ ಹಾಗಲ್ಲ. ಬೆಳಿಗ್ಗೆ ಎದ್ದಾಗಿನಿಂದ ಅವನ ಜೊತೆ ಮಾತಾಡುತ್ತಲೇ ಇರುತ್ತಾಳೆ. ನಲ್ಲಿಯಲ್ಲಿ ನೀರು ಬರಲಿಲ್ಲ, ಪಕ್ಕದ ಮನೆಯವಳು ಹೀಗಂದಳು, ಸಾರಿಗೆ ಉಪ್ಪು ಜಾಸ್ತಿಯಾಯಿತು, ಊಟ ಬಾಯಲ್ಲಿ ಇಟ್ಟುಕೊಂಡು ಕೂರಬೇಡಿ, ನುಂಗಿ. ಒಂದೊಂದು ಸಲ ಬೈಯುವುದೂ ಉಂಟು, ಇಪ್ಪತ್ತು ವರ್ಷದ ಹಳೆಯ ಸಿಟ್ಟನ್ನೆಲ್ಲ ಸಾಲಾಗಿ ಕರೆದು ನಿಲ್ಲಿಸಿ ಬೈಯುತ್ತಾಳೆ.

ಒಂದು ದಿನ ಬಟ್ಟೆ ಮಡಚುತ್ತಾ ಕೂತಿದ್ದವಳು ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದಳು.

"ಸುಜಾತಾ, ನೀನು ತಪ್ಪು ಸರಿ ಕಂಡ್‌ಇಡಿಯೋಳು. ಒಂದ್ ಯೋಳ್ಬುಡು. ನಾನ್ ಆಡ ಮಾತು ಇವ್ರಿಗೆ ತಿಳೀತದಾ ಇಲ್ವಾ?"

ನಾನು ಅಣ್ಣನ ಅಂಗಿಯೊಂದನ್ನು ಎತ್ತಿಕೊಂಡು ಮಡಚತೊಡಗಿದೆ.

"ತಿಳೀದಿದ್ರೂ ಮಾಡ್ತೀನಿ, ಬುಡ್ತೀನಾ? ಆದ್ರೆ ದಿನಾ ಮಾತಾಡ್ತಾ ಇರದು ಯಾರ್ ಕೂಡೆ ಅಂತ ಗೊತ್ತಾಗ್ಬೇಕಲ್ವಾ? ಅವ್ರ್ ಕೂಡೇನಾ, ಇಲ್ಲ ಈ ಗ್ವಾಡೆ ಕೂಡೇನಾ?"

ಗೋಡೆಯ ಮೇಲಿನ ಬುದ್ಧನ ಪಟದ ಕಡೆ ನೋಡಿದೆ. ಆತನೂ ಕಣ್ಣು ಮುಚ್ಚಿಕೊಂಡಿದ್ದ.

ಮಾತು ಕಲಿಸಲು ಮೈಸೂರಿನಿಂದ ಒಬ್ಬ ಹುಡುಗಿ ಬರುತ್ತಿದ್ದಳು. ಒಳ್ಳೆಯ ಹುಡುಗಿ, ತಾಳ್ಮೆಯವಳು. ಬ್ಯಾಗಿನಿಂದ ಚಿತ್ರದ ಕಾರ್ಡುಗಳನ್ನು ತೆಗೆದು ಅವನ ಮುಂದೆ ಹಿಡಿಯುತ್ತಿದ್ದಳು. ಹಸು, ಕೊಡೆ, ನಲ್ಲಿ, ಬಾಳೆಹಣ್ಣು. ಚಿಕ್ಕ ಮಕ್ಕಳ ಕಾರ್ಡು ಅವು. "ಇದು ಏನು ಸಾರ್?" ಎಂದರೆ ಅಣ್ಣ ಬಸ್ಸು ಎನ್ನುತ್ತಿದ್ದ. ಮೂರನೆಯದಕ್ಕೆ ಮುಖ ತಿರುಗಿಸಿ ಗೋಡೆ ನೋಡುತ್ತಿದ್ದ. ಆಸಕ್ತಿ ಇಲ್ಲ, ಗಮನ ನಿಲ್ಲುತ್ತಿಲ್ಲ ಎಂದು ಅವಳು ಬೇಸರಪಟ್ಟಳು. ನನಗೆ ಹಾಗನ್ನಿಸಲಿಲ್ಲ. ಅದು ಆಸಕ್ತಿ ಇಲ್ಲದವನ ಮುಖವಾಗಿರಲಿಲ್ಲ. ಅಂಥ ಕಾರ್ಡನ್ನು ತನ್ನ ಮುಂದೆ ಹಿಡಿದರಲ್ಲ ಎಂದು ಅವಮಾನವಾದವನ ಮುಖವಾಗಿತ್ತು. ಅಥವಾ ಹಾಗಿರಲಿ ಎಂದು ನಾನೇ ಆಸೆಪಟ್ಟೆನೋ ಏನೋ. ಆವತ್ತು ಸಂಜೆ ಮಾದೇಶ ಬಾವನಿಗೆ ಫೋನು ಮಾಡಿದೆ.

"ಬಾವ, ಭಾನುವಾರ ಬಾ. ಅಣ್ಣನ ಕಾರ್ಡ್ ಡಬ್ಬ ತೆಗೀತೀನಿ. ಆಡ್ಬೇಕು ನೀನು."

"ಬತ್ತೀನಿ" ಎಂದ.

ಬಂದ. ಹೆಂಡತಿಯ ಊರು ಹೆಮ್ಮಿಗೆಯ ಗದ್ದೆಯಿಂದ ನೇರ ಬಂದಿದ್ದ ಎಂದು ಕಾಣುತ್ತದೆ, ಪ್ಯಾಂಟಿನ ಅಂಚಿನಲ್ಲಿ ಕೆಸರಿತ್ತು. ಅಣ್ಣ ಅವನನ್ನು ನೋಡಿ "ಬಸ್ಸು" ಎಂದ. ಅತ್ತಿಗೆ ನೀರಿನ ಲೋಟ ಹಿಡಿದು ಬಂದಳು. ಮಾದೇಶ ಬಾವನಿಗೆ ತಡೆಯಲಾಗಲಿಲ್ಲ. "ನೀರು ಅನ್ಲಾ ಸಿದ್ದ. ನೀ...ರು. ಬಸ್ ಅಲ್ಲ, ನೀರು" ಎಂದು ತಿದ್ದಿದ. ಅವನು ಪ್ರತಿ ಸಲ ಬಂದಾಗಲೂ ಹೀಗೇ. ಅಣ್ಣನ ತುಟಿ ಏನನ್ನೋ ಹುಡುಕಿತು, ಸಿಗಲಿಲ್ಲ. "ಬುಡಣ್ಣ, ನಮ್ಗೆ ಅರ್ಥಾಯ್ತದೆ" ಎಂದಳು ಅತ್ತಿಗೆ. ನಮ್ಮ ಬೀದಿಯ ಕಾನೂನು ಅವಳಿಗೂ ಅಂಟಿತ್ತು. ಅವನ ಬಾಯಿಂದ ಏನು ಬಂತೋ ಅದೇ ಲೆಕ್ಕ.

ನಾನು ಕಾರ್ಡು ಕಲಸಿ ಹಂಚಿದೆ. ಆನೆಯನ್ನು ಬೇಕೆಂದೇ ಅಣ್ಣನ ಪಾಲಿಗೆ ಹಾಕಿದೆ. ಅವನ ಎಡಗೈಯಲ್ಲಿ ಕಾರ್ಡು ನಿಲ್ಲಲಿಲ್ಲ, ಜಾರಿ ಹಾಸಿಗೆಯ ಮೇಲೆ ಬಿದ್ದವು. ಅತ್ತಿಗೆ ಒಳಗಿನಿಂದ ಮೊರ ತಂದು ಅವನ ತೊಡೆಯ ಮೇಲೆ ಇಟ್ಟಳು. ಮೊರದಲ್ಲಿ ಒಂದೊಂದೇ ಕಾರ್ಡು ತೆಗೆದು ಮಗುಚಿ ಇಡುತ್ತಾ ಹೋದೆ.

ಮೊದಲಿಗೆ ಏನೂ ಆಗಲಿಲ್ಲ. ಅಣ್ಣನ ಬೆರಳು ಕಾರ್ಡಿನ ಮೇಲೆ ಎಲ್ಲೋ ಒಂದು ಕಡೆ ಬೀಳುತ್ತಿತ್ತು. ಒಳ್ಳೆಯ ಬ್ಯಾಟ್ಸ್‌ಮನ್ ಬಂದಾಗ ವಿಕೆಟ್ಟಿನ ಸಾಲು ಮುಟ್ಟಿದ, ಸೋತ. ಇನ್ನೊಂದರಲ್ಲಿ ಫೋಟೋವನ್ನು ಮುಟ್ಟಿ ಸುಮ್ಮನಾದ. ಮಾದೇಶ ಬಾವ ಗೆದ್ದ ಕಾರ್ಡುಗಳನ್ನು ತನ್ನ ಕಡೆ ಎಳೆದುಕೊಳ್ಳಲು ನಾಚಿ ಅಲ್ಲೇ ಬಿಟ್ಟಿದ್ದ. ಅತ್ತಿಗೆ ಬಾಗಿಲಿಗೆ ಒರಗಿ, ಟವೆಲ್ಲನ್ನು ಕೈಗೆ ಸುತ್ತಿಕೊಂಡು ನಿಂತಿದ್ದಳು. ನಾನು ಅವಳ ಕಡೆ ನೋಡಲಿಲ್ಲ. ಯಾಕಾದರೂ ಈ ಆಟ ಕಟ್ಟಿದೆನೋ ಎನ್ನಿಸತೊಡಗಿತ್ತು. ಗೊತ್ತಿಲ್ಲದೆ ಇದ್ದಾಗ ಅವಳಿಗೆ ಒಂದಿಷ್ಟು ಆಸೆಯಾದರೂ ಇತ್ತು.

ಮೊರದಲ್ಲಿ ಆನೆಯ ಸರದಿ ಬಂತು. ಇನ್ನೂ ಮಗುಚಿರಲಿಲ್ಲ, ಬೆನ್ನು ಮೇಲಾಗಿ ಇತ್ತು. ಹಸಿರು ಚೌಕಳಿಯ ಮೂಲೆಯಲ್ಲಿ ಗ್ರೀಸಿನ ಗುರುತು. ಮಾದೇಶ ಬಾವ ಅದನ್ನು ನೋಡಿದ. ಅದು ಅವನ ಅಪ್ಪನ ಬೆರಳು. ಕೇಳುವ ಸರದಿ ಅವನದೇ. ಅವನ ಕೈಯಲ್ಲಿ ಇಡೀ ಕಟ್ಟಿನಲ್ಲೇ ದೊಡ್ಡ ಬ್ಯಾಟ್ಸ್‌ಮನ್ ಇದ್ದ. ಪಂದ್ಯ ಎಂದಿದ್ದರೂ ಗೆಲ್ಲುತ್ತಿದ್ದ, ಕ್ಯಾಚ್ ಎಂದಿದ್ದರೂ ಗೆಲ್ಲುತ್ತಿದ್ದ.

"ರನ್ ಕೇಳ್ತೀನಿ ಕಣ್ಲಾ ಸಿದ್ದ" ಎಂದ. ತನ್ನ ಕಾರ್ಡನ್ನು ಮೊರದಲ್ಲಿ ಇಟ್ಟು ಅಣ್ಣನ ಕಡೆ ತಳ್ಳಿದ. "ನಿಂದೇ ಗೆಲ್ತು. ತಗೋ. ನಿಮ್ಮೂರ್ ಕಾನೂನೇ ಇರ್ಲಿ. ಪ್ರಿಂಟಾಗಿರದೇ ಲೆಕ್ಕ."

ನಾನು ಆನೆಯನ್ನು ಮಗುಚಿದೆ. ಅಣ್ಣ ಅದನ್ನು ನೋಡಿದ. ಮಾದೇಶ ಬಾವನ ಕಾರ್ಡನ್ನು ನೋಡಿದ. ಮತ್ತೆ ಆನೆಯನ್ನು ನೋಡಿದ. ಎಡಗೈ ಮೆಲ್ಲಗೆ ಎದ್ದು ಬಂದು ಅದರ ಮೇಲೆ ಇಳಿಯಿತು. ಹೆಬ್ಬೆರಳು ರನ್ನಿನ ಸಾಲಿನ ಮೇಲೆ ಬಿತ್ತು, ಮೂರು ಅಂಕಿ ಮುಚ್ಚಿತು. ಅವನು ಬೆರಳನ್ನು ಎತ್ತಲಿಲ್ಲ. ಕಾಳು ಸರಿಸುವ ಹಾಗೆ ಅದನ್ನು ಒಂದಿಷ್ಟು ಬಲಕ್ಕೆ ಸರಿಸಿದ. ಒಂದು ಅಂಕಿ ಹೊರಗೆ ಬಂತು. ಇನ್ನೂ ಒಂದಿಷ್ಟು ಸರಿಸಿ, ಅಲ್ಲಿಗೆ ನಿಲ್ಲಿಸಿದ. ಈಗ ಕೊನೆಯ ಸೊನ್ನೆ ಮಾತ್ರ ಹೆಬ್ಬೆರಳಿನ ಕೆಳಗಿತ್ತು. ಮೇಲೆ ಉಳಿದದ್ದು ಆ ಬೌಲರ್ ನಿಜವಾಗಿ ಹೊಡೆದ ರನ್ನು.

ಹಾಗೆಯೇ, ಸೊನ್ನೆಯನ್ನು ಬೆರಳಿನಿಂದ ಒತ್ತಿ ಹಿಡಿದುಕೊಂಡೇ, ಎರಡೂ ಕಾರ್ಡನ್ನು ಮಾದೇಶ ಬಾವನ ಕಡೆ ತಳ್ಳಿದ.

ನರಸೀಪುರದ ಜಗುಲಿಯ ಆಟ ಅಲ್ಲಿಗೆ ಮುಗಿಯಿತು. ಅವನು ಇವನ ಕಾನೂನಿಗೆ ಸೋತ, ಇವನು ಅವನ ಕಾನೂನಿಗೆ ಸೋತ. ಅಂಪೈರಿಗೆ ಕಣ್ಣು ಕಾಣುತ್ತಿರಲಿಲ್ಲ, ಯಾರು ಗೆದ್ದರು ಎಂದು ಹೇಳುವ ಸ್ಥಿತಿಯಲ್ಲೂ ಇರಲಿಲ್ಲ. ಮಾದೇಶ ಬಾವ ಮೊರದ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಕೆಸರಿನ ಪ್ಯಾಂಟಿನಲ್ಲಿ, ದೊಡ್ಡ ಗಂಡಸು, ಬಿಕ್ಕಿ ಬಿಕ್ಕಿ ಅಳುತ್ತಿದ್ದ.

ಅತ್ತಿಗೆ ಬಾಗಿಲಿನಿಂದ ಬಂದು ಮಂಚದ ಹತ್ತಿರ ನಿಂತಳು. ಅವಳಿಗೆ ಕ್ರಿಕೆಟ್ಟು ಗೊತ್ತಿಲ್ಲ. ಆದರೆ ಆ ಸೊನ್ನೆಯ ಕಥೆಯನ್ನು ಮದುವೆಯಾದಾಗಿನಿಂದ ಎಷ್ಟು ಸಲ ಕೇಳಿದ್ದಳೋ. ಗಂಡನ ಹೆಬ್ಬೆರಳನ್ನೂ ಅವನ ಮುಖವನ್ನೂ ನೋಡಿದಳು.

"ತಿಳೀತದೆ" ಎಂದಳು, ಯಾರಿಗೂ ಅಲ್ಲ. ಆಮೇಲೆ ಅವಳ ದನಿ ಏರಿತು. "ಅಂಗಾರೆ ಇಷ್ಟ್ ದಿವ್ಸ ನಾನ್ ಬೋದಿದ್ದೆಲ್ಲ ಕೇಳುಸ್ಕತಾ ಇದ್ರಾ?"

ಅಣ್ಣನ ಬಾಯಿಯ ಎಡ ಮೂಲೆ ಸ್ವಲ್ಪ ಮೇಲಕ್ಕೆ ಹೋಯಿತು. ಕಾಲು ತೊಳೆದುಕೊಳ್ಳುತ್ತಾ ನಕ್ಕ ದಿನದ ನಗುವಲ್ಲ ಅದು, ಅದಕ್ಕೂ ಹಿಂದಿನದು, ಅಕ್ಕಿ ಮೂಟೆಯ ಹಿಂದೆ ಡಬ್ಬ ಇಟ್ಟು ಬರುವಾಗಿನದು. ಅತ್ತಿಗೆ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಮಂಚದ ಮೇಲೆ ಕೂತುಬಿಟ್ಟಳು. ಅವಳ ಬೆನ್ನು ನಗುವಿಗೆ ಕುಲುಕುತ್ತಿತ್ತೋ ಅಳುವಿಗೋ ನನಗೆ ತಿಳಿಯಲಿಲ್ಲ.

ಆನೆ ಈಗ ನರಸೀಪುರದಲ್ಲಿದೆ. ಗೆದ್ದ ಕಾರ್ಡು ಗೆದ್ದವನಿಗೇ ಹೋಗಬೇಕು, ಅದು ಎರಡೂ ಊರಿನ ಕಾನೂನು. ಆದರೆ ಅಂದು ಅದು ಇನ್ನೂ ಮೊರದಲ್ಲೇ ಇತ್ತು. ಅಣ್ಣ ಮಾದೇಶ ಬಾವನ ಕಡೆ ತಿರುಗಿ ತುಟಿ ತೆರೆದ.

"ಬಸ್ಸು" ಎಂದ.

ಮಾದೇಶ ಬಾವ ಕಣ್ಣೊರೆಸಿಕೊಂಡ. ಈ ಸಲ ತಿದ್ದಲಿಲ್ಲ. ಎದ್ದು ಒಳಗೆ ಹೋಗಿ ನೀರು ತಂದುಕೊಟ್ಟ.